‘ಪ’ ಅಕ್ಷರದ ಫಾರಂನಲ್ಲಿ ಸಿಕ್ಕ ‘ಮಹಾಕಾವ್ಯ’

ಪ್ರೌಢಶಾಲೆಯ ಮಕ್ಕಳಿಗಾಗಿ ನಾವು ಸಿದ್ಧಪಡಿಸುತ್ತಿದ್ದ ನಿಘಂಟಿನ ಸಾಫ್ಟ್‌ವೇರಿನಲ್ಲಿ, ಸಮಾನಾರ್ಥಕದ ಕಾಲಂನಲ್ಲಿ ಕನಿಷ್ಠ ಮೂರು ಪದಗಳಿರದಿದ್ದರೆ ಯಾವ ನಮೂದೂ ಸೇವ್ ಆಗುತ್ತಿರಲಿಲ್ಲ. ‘ನೀರು’ ಎಂಬ ಪದಕ್ಕೆ ಈ ನಿಯಮದಿಂದ ತೊಂದರೆಯೇನೂ ಇಲ್ಲ. ಜಲ, ಉದಕ, ತೋಯ ಎಂದು ಬರೆದು ಮುಂದೆ ಹೋಗಬಹುದು. ಆದರೆ ‘ಮಹಾಕಾವ್ಯ’ಕ್ಕೂ ಅದೇ ನಿಯಮ ಅನ್ವಯವಾಗಿ, ಅದರ ಮುಂದೆ ‘ಪುರಾಣ, ಇತಿಹಾಸ, ಚರಿತೆ’ ಎಂಬ ಮೂರು ಪದಗಳು ಅಲ್ಪವಿರಾಮಗಳೊಂದಿಗೆ ಕುಳಿತವು. ಮೊದಲ ಪ್ರೂಫ್, ಎರಡನೆಯ ಪ್ರೂಫ್, ಪೇಜ್ ಪ್ರೂಫ್ ಎಲ್ಲವನ್ನೂ ಅವು ದಾಟಿದವು.

ಮುದ್ರಣ ಅರ್ಧಕ್ಕೆ ಬಂದಿದ್ದಾಗ ‘ಪ’ ಅಕ್ಷರದ ಫಾರಂಗಳು, ಅಂದರೆ ಒಂದೇ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆಗಳು, ಕೊನೆಯ ನೋಟಕ್ಕೆ ನನ್ನ ಮೇಜಿಗೆ ಬಂದವು. ಈ ಹಂತದಲ್ಲಿ ನಾವು ಅರ್ಥಗಳನ್ನು ಓದುವುದಿಲ್ಲ. ಅಕಾರಾದಿ ಕ್ರಮ, ಪುಟಸಂಖ್ಯೆ, ತಲೆಸಾಲು ಇವಿಷ್ಟನ್ನೇ ನೋಡುತ್ತೇವೆ. ‘ಪುರಸ್ಕಾರ’ಕ್ಕೂ ‘ಪುರಾತನ’ಕ್ಕೂ ನಡುವೆ, ‘ಪುರಾಣ’ ಇರಬೇಕಾದ ಜಾಗದಲ್ಲಿ, ದಪ್ಪಕ್ಷರಗಳಲ್ಲಿ ‘ಮಹಾಕಾವ್ಯ’ ಎಂದಿತ್ತು. ಪುಟಗಳನ್ನು ಹಿಂದೆ ಮುಂದೆ ತಿರುಗಿಸಿದೆ. ‘ಪೌರಾಣಿಕ’ ಎಂಬ ನಮೂದಿಗೆ ‘ಮಹಾಕಾವ್ಯಗಳಿಗೆ ಸಂಬಂಧಿಸಿದ’ ಎಂಬ ಅರ್ಥ ಬಂದಿತ್ತು. ಕೂಡಲೇ ಕವಿಕೃತಿಗಳ ಅನುಬಂಧವನ್ನು ತರಿಸಿ ನೋಡಿದರೆ, ಪಂಪನ ಹೆಸರಿನ ಮುಂದೆ ‘ಆದಿಮಹಾಕಾವ್ಯ’, ಪೊನ್ನನ ಮುಂದೆ ‘ಶಾಂತಿಮಹಾಕಾವ್ಯ’, ರನ್ನನ ಮುಂದೆ ‘ಅಜಿತಮಹಾಕಾವ್ಯ’ ಎಂದು ಅಚ್ಚುಕಟ್ಟಾಗಿ ಮುದ್ರಿತವಾಗಿತ್ತು.

ಅನುಬಂಧದಲ್ಲಿ ಕೃತಿಪ್ರಕಾರಗಳ ಹೆಸರುಗಳು ಏಕರೂಪವಾಗಿಲ್ಲವೆಂದು ಯಾರೋ ಇಡೀ ಫೈಲಿಗೇ ಫೈಂಡ್-ರಿಪ್ಲೇಸ್ ಕೊಟ್ಟಿದ್ದರು. ‘ಪುರಾಣ’ವೂ ‘ಮಹಾಕಾವ್ಯ’ವೂ ಅಕಾರಾಂತ ನಪುಂಸಕ ಪದಗಳಾದ್ದರಿಂದ ಪುರಾಣದ, ಪುರಾಣಕ್ಕೆ, ಪುರಾಣಗಳಲ್ಲಿ ಎಂಬ ರೂಪಗಳೆಲ್ಲವೂ ವಿಭಕ್ತಿಪ್ರತ್ಯಯಗಳ ಸಮೇತ ಸರಿಯಾಗಿ ಬದಲಾಗಿದ್ದವು, ಮತ್ತು ಕಾಗುಣಿತ ಪರೀಕ್ಷಕವು ಎಲ್ಲಿಯೂ ಒಂದು ಕೆಂಪುಗೆರೆಯನ್ನೂ ಎಳೆದಿರಲಿಲ್ಲ.

ಆಗಲೇ ಅಚ್ಚಾಗಿ ಹಾಳೆ ಮಡಿಸುವಲ್ಲಿಗೆ ಹೋಗಿದ್ದ ‘ಅ’ದಿಂದ ‘ನ’ವರೆಗಿನ ಫಾರಂಗಳಲ್ಲಿಯೂ ಇದು ಸೇರಿಕೊಂಡಿದೆಯೇ ಎಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಪ್ರೆಸ್ಸಿನವರು ಪ್ಲೇಟು ಏರಿಸಿ ಕಾಯುತ್ತಿದ್ದರು. ಮೆಷಿನ್ ನಿಂತಷ್ಟು ಹೊತ್ತಿನ ಬಾಡಿಗೆ ನಮ್ಮ ಲೆಕ್ಕಕ್ಕೆ ಬರುತ್ತದೆಯೆಂದು ಫೋನಿನಲ್ಲಿ ಮತ್ತೆ ಮತ್ತೆ ನೆನಪಿಸುತ್ತಿದ್ದರು. ಡಿಟಿಪಿ ಮಾಡುವ ಹುಡುಗಿ ಹಳೆಯ ಪಿಡಿಎಫ್‌ಗಳನ್ನು ತೆರೆದಳು. ನಾನು ಗರುಡಪುರಾಣ, ಅಗ್ನಿಪುರಾಣ, ತೀರ್ಥಂಕರ ಎಂಬ ನಮೂದುಗಳನ್ನು ಒಂದೊಂದಾಗಿ ಹೇಳುತ್ತಾ ಹೋದೆ. ಅವಳು ಪುಟ ಹುಡುಕಿ ‘ಸರಿಯಿದೆ ಮೇಡಂ’ ಎನ್ನುವವರೆಗೆ ಪ್ರತಿ ಸಲವೂ ಉಸಿರು ಹಿಡಿದು ಕುಳಿತಿರಬೇಕಾಗಿತ್ತು. ಬದಲಾವಣೆ ನಡೆದಿದ್ದು ಆ ಫಾರಂಗಳು ಹೊರಟ ನಂತರವೇ ಎಂಬುದು ಖಚಿತವಾದಾಗ ಕಚೇರಿಯ ಉಳಿದವರೆಲ್ಲ ಮನೆಗೆ ಹೋಗಿಯಾಗಿತ್ತು.

‘ಪ’ದ ಪ್ಲೇಟುಗಳನ್ನು ಮತ್ತೆ ಮಾಡಿಸಲು ಪ್ರೊಡಕ್ಷನ್ ವಿಭಾಗದ ಮುಖ್ಯಸ್ಥರು ಒಪ್ಪಲಿಲ್ಲ. ‘ಮೇಡಂ, ಎರಡೂ ಒಂದೇ ಎಂದು ನಿಮ್ಮ ನಿಘಂಟೇ ಹೇಳುತ್ತದಲ್ಲ’ ಎಂದು ಅವರು ‘ಮ’ ಅಕ್ಷರದ ಪ್ರೂಫನ್ನು ನನ್ನ ಮುಂದಿಟ್ಟರು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಅವರು ನಮ್ಮ ಪುಸ್ತಕವನ್ನು ನಂಬಿ ಮಾತನಾಡಿದ್ದರು, ಮತ್ತು ಮುಂದೆ ಅದನ್ನು ಕೊಳ್ಳಲಿದ್ದ ಮಕ್ಕಳೂ ಹಾಗೆಯೇ ನಂಬುವವರಿದ್ದರು. ಹಣದ ವಿಷಯವನ್ನು ಬದಿಗಿಟ್ಟು, ಆ ಪದಗಳು ಯಾಕೆ ಒಂದೇ ಅಲ್ಲ ಎಂಬುದನ್ನು ನಾನು ಅಲ್ಲಿಯೇ ವಿವರಿಸಬೇಕಾಯಿತು.

ಸಂಸ್ಕೃತ ಅಲಂಕಾರಶಾಸ್ತ್ರದಲ್ಲಿ ಮಹಾಕಾವ್ಯವೆಂಬುದು ಲಕ್ಷಣಗಳುಳ್ಳ ಒಂದು ಪ್ರಕಾರ. ದಂಡಿಯ ‘ಕಾವ್ಯಾದರ್ಶ’ವು ‘ಸರ್ಗಬಂಧೋ ಮಹಾಕಾವ್ಯಮ್’ (ಸರ್ಗಗಳಾಗಿ, ಅಂದರೆ ಅಧ್ಯಾಯಗಳಾಗಿ ಕಟ್ಟಿದ್ದು ಮಹಾಕಾವ್ಯ) ಎಂದು ಆರಂಭಿಸಿ, ಆಶೀರ್ವಾದ, ನಮಸ್ಕಾರ ಅಥವಾ ವಸ್ತುನಿರ್ದೇಶದ ಮೊದಲಿನಿಂದ ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ವಿವಾಹ, ಯುದ್ಧಗಳ ವರ್ಣನೆಯವರೆಗೆ ಏನೇನಿರಬೇಕೆಂದು ಹೇಳುತ್ತದೆ. ಕಾಳಿದಾಸನ ‘ರಘುವಂಶ’ ಈ ಅರ್ಥದಲ್ಲಿ ಮಹಾಕಾವ್ಯ. ನಾವು ಇಂದು ಮಹಾಕಾವ್ಯವೆಂದೊಡನೆ ನೆನೆಯುವ ರಾಮಾಯಣವನ್ನು ಪರಂಪರೆಯು ಆದಿಕಾವ್ಯವೆಂದೂ ಮಹಾಭಾರತವನ್ನು ಇತಿಹಾಸವೆಂದೂ ಕರೆಯಿತು. ಆ ‘ಇತಿಹಾಸ’ವು ಶಾಲೆಯ ಸಮಾಜ ವಿಜ್ಞಾನ ಪುಸ್ತಕದ ಇತಿಹಾಸವಲ್ಲವೆಂಬುದನ್ನು ನಮ್ಮ ಕಾಲಂ ಎಲ್ಲಿಯೂ ತಿಳಿಸುತ್ತಿರಲಿಲ್ಲ. ಪುರಾಣಕ್ಕಾದರೋ ಸರ್ಗ (ಇಲ್ಲಿ ಸೃಷ್ಟಿ ಎಂಬ ಅರ್ಥ), ಪ್ರತಿಸರ್ಗ (ಪ್ರಳಯಾನಂತರದ ಮರುಸೃಷ್ಟಿ), ವಂಶ, ಮನ್ವಂತರ (ಮನುಗಳ ಕಾಲಾವಧಿ), ವಂಶಾನುಚರಿತ (ರಾಜವಂಶಗಳ ಕಥೆ) ಎಂಬ ಬೇರೆಯೇ ಐದು ಲಕ್ಷಣಗಳಿವೆ.

ಕನ್ನಡಕ್ಕೆ ಬಂದರೆ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ, ಮತ್ತು ನನಗೆ ಅತ್ಯಂತ ಪ್ರಿಯವಾದ ಭಾಗವೂ ಇದೇ. ಪಂಪನ ‘ಆದಿಪುರಾಣ’ವು ವಸ್ತುವಿನಿಂದ ಜೈನಪುರಾಣ, ಕಟ್ಟುವಿಕೆಯಿಂದ ಗದ್ಯಪದ್ಯಗಳು ಬೆರೆತ ಚಂಪೂ ಮಹಾಕಾವ್ಯ; ಎರಡು ಹೆಸರೂ ಅದಕ್ಕೆ ಸಲ್ಲುತ್ತವೆ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಕೃತಿಯ ಅರ್ಧವೇ ಮರೆಯಾಗುತ್ತದೆ. ಆ ಕವಿಯೇ ‘ವಿಕ್ರಮಾರ್ಜುನ ವಿಜಯ’ದಲ್ಲಿ ಲೌಕಿಕವನ್ನೂ ‘ಆದಿಪುರಾಣ’ದಲ್ಲಿ ಜಿನಾಗಮವನ್ನೂ (ಜೈನಶಾಸ್ತ್ರವನ್ನೂ) ಬೆಳಗುವುದಾಗಿ ಬೇರ್ಪಡಿಸಿ ಹೇಳಿಕೊಂಡಿದ್ದಾನೆ. ಕುಮಾರವ್ಯಾಸನದು ‘ಕಥಾಮಂಜರಿ’, ರಾಘವಾಂಕನದು ‘ಕಾವ್ಯ’, ಕುವೆಂಪು ಅವರದು ‘ದರ್ಶನಂ’. ಈ ಹೆಸರುಗಳು ಕಥೆಯನ್ನು ಯಾವ ನೆಲೆಯಿಂದ ಹೇಳಲಾಗಿದೆ ಎಂಬುದನ್ನು ಸೂಚಿಸುತ್ತವೆ.

‘ಎಪಿಕ್’ ಎಂಬ ಪಾಶ್ಚಾತ್ಯ ಕಲ್ಪನೆ ಬಂದ ಮೇಲೆ ನಮ್ಮ ಪದದ ಅರ್ಥ ಹಿಗ್ಗಿತು. ಮಲೆ ಮಹದೇಶ್ವರ, ಮಂಟೇಸ್ವಾಮಿಯರ ಕಥನಗಳನ್ನು ಜಾನಪದ ವಿದ್ವಾಂಸರು ಇಂದು ಜನಪದ ಮಹಾಕಾವ್ಯಗಳೆನ್ನುತ್ತಾರೆ. ತುಳುವಿನ ಸಿರಿ ಪಾಡ್ದನವನ್ನು (ಬಾಯಿಂದ ಬಾಯಿಗೆ ಬಂದ ಕಥನಗೀತೆಯನ್ನು) ಹಾಡುಗಾರ ಗೋಪಾಲ ನಾಯ್ಕರ ಬಾಯಿಂದ ದಾಖಲಿಸಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ 1998ರಲ್ಲಿ ಪ್ರಕಟಿಸಿದ ಪಠ್ಯದಲ್ಲಿ 15,683 ಸಾಲುಗಳಿವೆ. ಗಾತ್ರದಲ್ಲಿ ಅದು ಹೋಮರನ ‘ಇಲಿಯಡ್’ಗೆ ಸರಿಸಮಾನ. ದಂಡಿಯ ಲಕ್ಷಣಗಳಿಂದ ಇದನ್ನು ಅಳೆಯಲಾಗದು. ಆದರೂ ಮಹಾಕಾವ್ಯವೆಂದು ಕರೆಯದಿರುವುದು ಅನ್ಯಾಯವೆಂದೇ ನನ್ನ ನಂಬಿಕೆ.

ಆಡುಮಾತಿನ ಬಳಕೆಯನ್ನಂತೂ ಆ ರಿಪ್ಲೇಸ್ ಪೂರ್ತಿ ಹಾಳುಮಾಡಿತ್ತು. ಬೇಡದ ವಿಷಯವನ್ನು ಉದ್ದಕ್ಕೆ ಎಳೆಯುವವರಿಗೆ ‘ನಿನ್ನ ಪುರಾಣ ಸಾಕು’ ಎನ್ನುತ್ತೇವೆ. ಸಣ್ಣ ಮಾತು ಬೆಳೆದು ರಗಳೆಯಾದರೆ ‘ದೊಡ್ಡ ರಾಮಾಯಣವೇ ಆಯಿತು’ ಎನ್ನುತ್ತೇವೆ. ಉದಾಹರಣೆಯ ವಾಕ್ಯದಲ್ಲಿ ‘ನಿನ್ನ ಮಹಾಕಾವ್ಯ ಸಾಕು’ ಎಂದು ಬಂದಿದ್ದನ್ನು ತೋರಿಸಿದಾಗಲೇ ಮುಖ್ಯಸ್ಥರು ಪ್ರೆಸ್ಸಿಗೆ ಫೋನು ಮಾಡಿ ಪ್ಲೇಟು ಇಳಿಸಲು ಹೇಳಿದರು. ಪಂಪ, ದಂಡಿಯರ ಮಾತಿಗಿಂತ ಆ ಒಂದು ವಾಕ್ಯ ಬೇಗ ಕೆಲಸ ಮಾಡಿತು.

‘ಮಹಾಕಾವ್ಯ’ದ ಮುಂದೆ ಈಗ ಸಮಾನಾರ್ಥಕಗಳಿಲ್ಲ, ‘ಹೋಲಿಸಿ: ಪುರಾಣ, ಇತಿಹಾಸ, ಚರಿತೆ’ ಎಂಬ ಸೂಚನೆಯಿದೆ, ಮತ್ತು ಪ್ರತಿಯೊಂದಕ್ಕೂ ಅದರದೇ ವಾಕ್ಯವಿದೆ. ಸಾಫ್ಟ್‌ವೇರಿನ ನಿಯಮವನ್ನು ಮಾತ್ರ ಆಡಳಿತದವರು ಬದಲಿಸಿಲ್ಲ. ಅದಕ್ಕೆ ಖರ್ಚಾಗುತ್ತದೆ ಎನ್ನುತ್ತಾರೆ, ಎರಡು ಸಲ ಮಾಡಿಸಿದ ಪ್ಲೇಟಿನ ಖರ್ಚನ್ನು ಅವರು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಪರಿಷ್ಕೃತ ಮುದ್ರಣದ ಕೆಲಸ ಸದ್ಯ ‘ಕ’ ಅಕ್ಷರದಲ್ಲಿದೆ. ‘ಕಥೆ’ಗೆ ಮೂರು ಸಮಾನಾರ್ಥಕಗಳನ್ನು ತುಂಬಿ ಕಳುಹಿಸಿದ್ದ ಹಾಳೆಯನ್ನು ಹಿಂದಿರುಗಿಸಿ, ‘ಕಥೆ ಕಟ್ಟಿದ’, ‘ಅವನ ಕಥೆ ಮುಗಿಯಿತು’ ಎಂಬ ಪ್ರಯೋಗಗಳಿಗೆ ಮೊದಲು ವಾಕ್ಯಗಳನ್ನು ಬರೆದು ತರುವಂತೆ ಕೇಳಿದ್ದೇನೆ.