ಕಲ್ಲಿನ ಕೆಳಗೊಂದು ಮೀನು

ಭಾನುವಾರ ಪುಣೆಯಿಂದ ಮುಳಶಿ ಕಡೆ ಹೋಗಿದ್ದೆವು. ರಸ್ತೆ ಪಕ್ಕದ ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರು. ಮಗಳು ಸುಮ್ನೆ ಒಂದು ಕಲ್ಲು ಎತ್ತಿದಳು. ಕೆಳಗಿನ ಮರಳೇ ಸರಕ್ಕನೆ ಜಾರಿದ ಹಾಗಾಯಿತು. ಲೋಚ್ ಮೀನು! ಬೆರಳುದ್ದವೂ ಇಲ್ಲ. ಮೈಮೇಲೆ ಕಂದು ಪಟ್ಟೆ, ಬಾಯಿ ಸುತ್ತ ಆರು ಪುಟ್ಟ ಮೀಸೆ. ಆ ಮೀಸೆಗಳಿಂದಲೇ ತಳ ತಡಕಾಡಿ ಸಣ್ಣ ಹುಳ ಹುಡುಕಿ ತಿನ್ನುತ್ತದೆ. ಅಲುಗಾಡದೆ ಕೂತರೆ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ.

ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ ದಖ್ಖನ್ನಿನ ಮೀನುಗಳ ಬಗ್ಗೆ 1839ರಲ್ಲೇ ಬರೆದಿದ್ದರು. ಅದರಲ್ಲಿ ಲೋಚ್‌ಗಳೂ ಇವೆ. ಒಂದಕ್ಕೆ ‘ಮೂರೆ’ ಅಂತ ಹೆಸರಿಟ್ಟರು. ವಿಜ್ಞಾನದಲ್ಲಿ ಇವತ್ತಿಗೂ ಅದೇ ಹೆಸರು ಉಳಿದಿದೆ. ಎಷ್ಟು ಚೆಂದ ಅಲ್ವಾ?

ನನಗೆ ಜಾಸ್ತಿ ಕಾಡಿದ್ದು ಬೇರೆ. ಈ ಹಳ್ಳದ ನೀರು ಮುಳಾ ನದಿಗೆ ಸೇರುತ್ತದೆ. ಮುಳಾ, ಮುಠಾ ಪುಣೆಯಲ್ಲಿ ಒಂದಾಗಿ ಭೀಮೆಗೆ ಸೇರುತ್ತವೆ. ಭೀಮೆ ಪಂಢರಪುರ ದಾಟಿ ನಮ್ಮ ಗಾಣಗಾಪುರದ ಕಡೆ ಬರುತ್ತಾಳೆ. ಚಿಕ್ಕವನಿದ್ದಾಗ ಅವ್ವ ಬಟ್ಟೆ ಒಗೆಯುವಾಗ ಅದೇ ಹೊಳೆಯಲ್ಲಿ ನಾನೂ ಕಲ್ಲು ಎತ್ತಿ ನೋಡುತ್ತಿದ್ದೆ. ಈಗ ಪುಣೆಯ ಸೇತುವೆ ಮೇಲೆ ನಿಂತರೆ ಕೆಳಗೆ ಕಪ್ಪು ನೀರು, ನೊರೆ. ತಳದಲ್ಲೇ ಬದುಕುವ ಜೀವಕ್ಕೆ ಆ ಕೊಳೆ ಬಿಟ್ಟು ಬೇರೆ ಜಾಗ ಎಲ್ಲಿದೆ? ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಗಳ ಕೈಯಲ್ಲಿ ಖಾಲಿ ಬಾಟಲಿ ಇತ್ತು. ಹಿಡಿದು ಮನೆಗೆ ಒಯ್ಯೋಣವೇ ಎಂದು ಕೇಳಿದಳು. ಬೇಡ ಪುಟ್ಟಿ, ಅದರ ಮನೆ ಇಲ್ಲೇ ಇದೆ ಎಂದೆ. ಎರಡೂ ಕೈಯಿಂದ, ಮೆಲ್ಲಗೆ, ಕಲ್ಲನ್ನು ಇದ್ದಲ್ಲೇ ಇಟ್ಟಳು.