ಅಪ್ಪನ ಶುಗರ್, ಅಪ್ಪನ ಲೆಕ್ಕ

ಜನವರಿ 19, 2025, ಭಾನುವಾರ
ಹನುಮಂತನಗರ, ಬೆಂಗಳೂರು

ಇವತ್ತು ಅಪ್ಪನ ಶುಗರ್ ಊಟಕ್ಕೆ ಮುಂಚೆ 141, ಊಟವಾಗಿ ಎರಡು ಗಂಟೆಗೆ 184. ಈ ತಿಂಗಳಲ್ಲಿ ನಮ್ಮ ಮನೆಗೆ ಬಂದ ಒಳ್ಳೆಯ ಸುದ್ದಿ ಇದೇ.

ಕಾಯಿಲೆ ಗೊತ್ತಾಗಿದ್ದು ಡಿಸೆಂಬರ್‌ನಲ್ಲಿ, ಅದೂ ಕಣ್ಣಿನ ದೆಸೆಯಿಂದ. ಎಡಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯಲ್ಲಿ 168, ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.4. ಖಾಲಿ ಹೊಟ್ಟೆಯಲ್ಲಿ 126, ಎಚ್‌ಬಿಎ1ಸಿ 6.5 ಮುಟ್ಟಿದರೇನೇ ಡಯಾಬಿಟಿಸ್ ಅನ್ನುತ್ತಾರೆ. ಆಪರೇಷನ್ ಮುಂದಕ್ಕೆ ಹೋಯಿತು. ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಶುರುವಾಯಿತು. ಮೊದಮೊದಲು ಹೊಟ್ಟೆ ಕೆಟ್ಟಿತು. ಊಟ ಆದಮೇಲೇ ಮಾತ್ರೆ ನುಂಗೋದು ಅಭ್ಯಾಸವಾದ ಮೇಲೆ ಸರಿಹೋಯಿತು.

ಅಪ್ಪನಿಗೆ 71 ವರ್ಷ. ಸಿಟಿ ಬಸ್ಸಿಗೆ ಇನ್ನೂ ಬಿಟಿಎಸ್ ಅಂತ ಹೆಸರಿದ್ದಾಗ ಡ್ರೈವರ್ ಆಗಿ ಸೇರಿ ಬಿಎಂಟಿಸಿಯಲ್ಲಿ ರಿಟೈರ್ ಆದವರು. ರಿಪೋರ್ಟ್ ನೋಡಿ ಅವರು ಕೇಳಿದ್ದು ಒಂದೇ ಮಾತು. "ನಾನು ಸ್ವೀಟ್ ಮುಟ್ಟೋನಲ್ಲ. ದಿನಾ ಮುದ್ದೆ ತಿನ್ನೋನಿಗೆ ಇದು ಎಲ್ಲಿಂದ ಬಂತಮ್ಮ?"

ನಾವು ಮಾಗಡಿ ಕಡೆಯವರು. ರಾಗಿ ತಿಂದವನು ನಿರೋಗಿ ಅಂತ ಕೇಳಿಕೊಂಡೇ ಬೆಳೆದವರು. ರಾಗಿಯಲ್ಲಿ ನಾರು ಇದೆ, ಕ್ಯಾಲ್ಸಿಯಂ ಅಕ್ಕಿಗಿಂತ ಎಷ್ಟೋ ಪಾಲು ಜಾಸ್ತಿ ಇದೆ, ಅದೆಲ್ಲ ನಿಜವೇ. ಆದರೆ ರಾಗಿಯೂ ಒಂದು ಧಾನ್ಯ ತಾನೆ? ಮೂರರಲ್ಲಿ ಎರಡು ಪಾಲು ಪಿಷ್ಟವೇ. ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ ತೊಳಸಿದರೆ ಬೇಗ ಅರಗುತ್ತೆ, ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತೆ. ಗಂಜಿ ಮಾಡಿದರೆ ಇನ್ನೂ ಬೇಗ. ಎರಡು ದೊಡ್ಡ ಮುದ್ದೆ, ಮೇಲೆ ಮಜ್ಜಿಗೆ ಅನ್ನ ತಿನ್ನುವವರಿಗೆ ಮೈಸೂರು ಪಾಕೇ ಬೇಕಾಗಿಲ್ಲ.

ಇದನ್ನು ಅಪ್ಪನಿಗೆ ಹೇಳಿ ಒಪ್ಪಿಸೋಕೆ ಆಗಲಿಲ್ಲ. ಹೊಲ ಉತ್ತು ಮುದ್ದೆ ತಿಂದೇ ಬದುಕಿದ ತಾತನನ್ನು ಬೈದ ಹಾಗೆ ಕೇಳಿಸಿತೋ ಏನೋ, ಮುಖ ತಿರುಗಿಸಿಕೊಂಡರು. ಆಮೇಲೆ ಡಾಕ್ಟರೇ ದಾರಿ ತೋರಿಸಿದರು. ಊಟದ ಮೊದಲ ತುತ್ತಿಗೆ ಮುಂಚೆ ಒಂದು ಸಲ, ಅಲ್ಲಿಂದ ಎರಡು ಗಂಟೆಗೆ ಇನ್ನೊಂದು ಸಲ ಬೆರಳು ಚುಚ್ಚಿ ಮೀಟರ್‌ನಲ್ಲಿ ನೋಡಿ, ನಿಮ್ಮ ಮೈ ಏನು ಹೇಳುತ್ತೋ ನೀವೇ ಬರೆದುಕೊಳ್ಳಿ ಅಂದರು.

ಹೋದ ಭಾನುವಾರ ಅಪ್ಪ ತಮ್ಮ ಇಷ್ಟದಂತೆಯೇ ಉಂಡರು. ಎರಡು ಮುದ್ದೆ, ಬಸ್ಸಾರು, ಅನ್ನ, ಮಜ್ಜಿಗೆ. 146 ಇದ್ದದ್ದು 268 ಆಯಿತು. ಯಾರೂ ಒಂದು ಮಾತೂ ಆಡಲಿಲ್ಲ. ಅವರೇ ತುಂಬಾ ಹೊತ್ತು ಮೀಟರ್ ನೋಡುತ್ತಾ ಕೂತರು.

ಇವತ್ತು ಅಮ್ಮ ಹಿತಕಿದವರೆ ಸಾರು ಮಾಡಿದ್ದಳು. ಮುದ್ದೆ ಒಂದೇ, ಅದೂ ಚಿಕ್ಕದು. ಸಾರಿನಲ್ಲಿ ಅವರೆಬೇಳೆ ಧಾರಾಳ. ಹುರುಳಿಕಾಯಿ ಪಲ್ಯ, ಸೌತೆಕಾಯಿ ಕೋಸಂಬರಿ, ಕೊನೆಗೆ ಕುಡಿಯೋಕೆ ಮಜ್ಜಿಗೆ. ಅನ್ನ ಬೇಡ ಅಂತ ಅಪ್ಪನೇ ಅಂದರು. ಉಂಡ ಮೇಲೆ ಮಲಗದೆ ಮೊಮ್ಮಗನ ಕೈ ಹಿಡಿದು ರಸ್ತೆ ಕೊನೆಯವರೆಗೂ ನಡೆದುಕೊಂಡು ಹೋಗಿ ಬಂದರು. ಉಂಡ ತಕ್ಷಣ ನಡೆದರೆ ಕಾಲಿನ ಸ್ನಾಯುಗಳೇ ಒಂದಷ್ಟು ಸಕ್ಕರೆ ಎಳೆದುಕೊಳ್ಳುತ್ತವೆ. ಆಮೇಲೆ ನೋಡಿದರೆ 184. ಡಾಕ್ಟರ್ ಹೇಳಿದ್ದು 180ರ ಒಳಗೆ. ಹತ್ತಿರ ಬಂದಿದ್ದೇವೆ.

ಮಧ್ಯೆ ಒಂದು ಗಾಬರಿಯೂ ಆಯಿತು. ಊಟಕ್ಕೆ ಮುಂಚೆ ಮೀಟರ್ 312 ತೋರಿಸಿತು. ಅಪ್ಪನ ಮುಖ ಇಳಿದುಹೋಯಿತು. ನೋಡಿದರೆ ಸ್ವಲ್ಪ ಮುಂಚೆ ಮೊಮ್ಮಗನಿಗೆ ಕಿತ್ತಳೆ ಬಿಡಿಸಿ ಕೊಟ್ಟಿದ್ದರು. ಬೆರಳಿಗೆ ಅಂಟಿದ್ದ ರಸ ರಕ್ತದ ಹನಿಗೆ ಸೇರಿತ್ತು. ಸೋಪು ಹಾಕಿ ತೊಳೆದು, ಒರೆಸಿ, ಬೇರೆ ಬೆರಳಿಗೆ ಚುಚ್ಚಿದಾಗ 141. ಮನೆಯಲ್ಲಿ ಮೀಟರ್ ಇರುವವರು ಇದನ್ನು ನೆನಪಿಟ್ಟುಕೊಳ್ಳಿ. ಚುಚ್ಚೋದು ಬೆರಳ ತುದಿಯ ಪಕ್ಕಕ್ಕೆ, ನಡುವೆ ಬೇಡ. ಪಕ್ಕದಲ್ಲಿ ನೋವು ಕಮ್ಮಿ.

ಎಲ್ಲವನ್ನೂ ಅಪ್ಪ ಹಳೇ ಡೈರಿಯಲ್ಲಿ ಬರೆಯುತ್ತಾರೆ. ಡಿಪೋದಲ್ಲಿ ಲಾಗ್‌ಶೀಟ್ ತುಂಬಿದ ಹಾಗೆ ಗೆರೆ ಎಳೆದು ಸಮಯ, ಊಟ, ಮುಂಚೆ, ಆಮೇಲೆ ಅಂತ. ಡೈರಿಗೆ ನಾನು ಕೈ ಹಾಕೋದಿಲ್ಲ. ಅದು ಅವರ ಕೈಯಲ್ಲೇ ಇರಬೇಕು ಅಂತ ನನ್ನ ಹಟ. ನಾವು ಕಾವಲು ಕೂತರೆ ಅವರು ಬಚ್ಚಿಟ್ಟು ತಿನ್ನಲು ಶುರು ಮಾಡುತ್ತಾರೆ. ಎಷ್ಟು ಮನೆಗಳಲ್ಲಿ ನೋಡಿಲ್ಲ ನಾವು?

ಗುರುವಾರದ ವಿಷಯವನ್ನೂ ಬರೆಯಬೇಕು. ಡಾಕ್ಟರ್ ಅಪ್ಪನ ಪಾದ ಪರೀಕ್ಷೆ ಮಾಡಿದರು. ಕಣ್ಣು ಮುಚ್ಚಿಕೊಳ್ಳಿ, ಮುಟ್ಟಿದ್ದು ಗೊತ್ತಾದಾಗ ಹೂಂ ಅನ್ನಿ ಅಂತ ಹೇಳಿ, ಸಣ್ಣ ನೈಲಾನ್ ಎಳೆಯ ತುದಿಯನ್ನು ಅಂಗಾಲಿಗೆ ಒತ್ತುತ್ತಾ ಹೋದರು. ಹೂಂ, ಹೂಂ ಅನ್ನುತ್ತಿದ್ದ ಅಪ್ಪ ಸುಮ್ಮನಾದರು. ಆಮೇಲೆ "ಹೂಂ, ಮುಟ್ಟಿ ಡಾಕ್ಟ್ರೇ" ಅಂದರು. ಡಾಕ್ಟರ್ ಆಗಲೇ ಹೆಬ್ಬೆರಳ ಬುಡದಲ್ಲಿ ಎಳೆ ಬಾಗುವಷ್ಟು ಒತ್ತಿದ್ದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಈ ಕಾಯಿಲೆ ಗೊತ್ತಾಗುವ ಮುಂಚೆಯೇ ವರ್ಷಗಟ್ಟಲೆ ಮೈಯಲ್ಲಿ ಇರಬಹುದು. ಅದಕ್ಕೇ ಮೊದಲ ದಿನದಿಂದಲೇ ಕಣ್ಣಿನ ರೆಟಿನಾ, ಕಾಲು, ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಎಲ್ಲವನ್ನೂ ನೋಡಿಸಬೇಕು.

ಅಪ್ಪ ಪ್ರತಿ ಶನಿವಾರ ರಾಮಾಂಜನೇಯ ಗುಡ್ಡದ ದೇವಸ್ಥಾನಕ್ಕೆ ಮನೆಯಿಂದಲೇ ಬರಿಗಾಲಲ್ಲಿ ಹೋಗುತ್ತಿದ್ದರು. ಕಾಲಿಗೆ ಸ್ಪರ್ಶ ಕಮ್ಮಿ, ಕಣ್ಣಿಗೆ ಪೊರೆ. ಗಾಜು ಚುಚ್ಚಿದರೂ ಗೊತ್ತಾಗೋದಿಲ್ಲ, ಕಾಣೋದೂ ಇಲ್ಲ. ಈಗ ಮೆಟ್ಟಿಲವರೆಗೂ ಚಪ್ಪಲಿ ಹಾಕಿಕೊಂಡು ಹೋಗುತ್ತಾರೆ. ರಾತ್ರಿ ಅಮ್ಮ ಟಾರ್ಚ್ ಹಿಡಿದು ಅಂಗಾಲು, ಬೆರಳ ಸಂದು ನೋಡುತ್ತಾಳೆ.

ಸಂಕ್ರಾಂತಿಗೆ ಎಳ್ಳು ಬೀರಲು ಬಂದವರೆಲ್ಲ ಒಂದೊಂದು ಔಷಧಿ ಹೇಳಿ ಹೋದರು. ಒಬ್ಬರು ಇನ್ಸುಲಿನ್ ಗಿಡದ ಎಲೆಯನ್ನೇ ಕಿತ್ತು ತಂದಿದ್ದರು. ಪ್ರೀತಿಯಿಂದಲೇ ತಂದಿದ್ದು, ಅದು ನನಗೆ ಗೊತ್ತು. ಆದರೂ ಡಾಕ್ಟರನ್ನು ಕೇಳದೆ ಮಾತ್ರೆಯ ಜೊತೆ ಯಾವುದನ್ನೂ ಸೇರಿಸೋದಿಲ್ಲ ಅಂತ ತೀರ್ಮಾನ ಮಾಡಿದ್ದೇವೆ. ಇನ್ನೊಬ್ಬರು "ಶುಗರ್ ಈಗ ಎಲ್ಲರಿಗೂ ಇರೋದೇ ಬಿಡಿ" ಅಂದರು. ನಿಜ, 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನಕ್ಕಿದೆ. ಹಾಗಂತ ಬಿಡೋಕಾಗುತ್ತಾ? ಇಷ್ಟು ಜನಕ್ಕೆ ಇದೆ ಅಂದರೆ ಇನ್ನೂ ಭಯಪಡಬೇಕು.

ಅಮ್ಮ ಮೊದಲು ಅಪ್ಪನಿಗೇ ಬೇರೆ ಅಡುಗೆ ಮಾಡುತ್ತಿದ್ದಳು. ನಾನೇ ಬೇಡ ಅಂದೆ. ತಾವೊಬ್ಬರೇ ಪಥ್ಯದ ತಟ್ಟೆ ಹಿಡಿದು ಕೂತರೆ ಮನುಷ್ಯನಿಗೆ ಉಣ್ಣೋಕೇ ಬೇಜಾರು. ಈಗ ಎಲ್ಲರ ತಟ್ಟೆಯಲ್ಲೂ ಪಲ್ಯ ಜಾಸ್ತಿ, ಅನ್ನ ಕಮ್ಮಿ. ನನಗೂ ಇದು ಬೇಕು. ಅಪ್ಪನಿಗೆ ಬಂದದ್ದು ಮಕ್ಕಳಿಗೂ ಬರುವ ಸಂಭವ ಜಾಸ್ತಿ. ಮುಂದಿನ ವಾರ ನಾನೂ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ.

ಮತ್ತೆ ಎಚ್‌ಬಿಎ1ಸಿ ಮಾಡಿಸೋದು ಮಾರ್ಚ್ ಕೊನೆಗೆ. ಕೆಂಪು ರಕ್ತಕಣ ಬದುಕೋದು ಸುಮಾರು 120 ದಿನ, ಅದಕ್ಕೆ ಅಂಟಿದ ಸಕ್ಕರೆಯನ್ನೇ ಈ ಪರೀಕ್ಷೆ ಅಳೆಯೋದು. ಹಾಗಾಗಿ ಮೂರು ತಿಂಗಳಾದರೂ ಕಾಯಬೇಕು. ಅದಕ್ಕೆ ಮುಂಚೆಯೇ ಶುಗರ್ ಹತೋಟಿಗೆ ಬಂದರೆ ಕಣ್ಣಿನ ಆಪರೇಷನ್‌ಗೆ ದಿನ ಕೊಡುತ್ತೇವೆ ಅಂದಿದ್ದಾರೆ.

ಸಂಜೆ ಹೊರಡುವಾಗ ಅಪ್ಪ ಡೈರಿ ಹಿಡಿದು ಗೇಟಿನವರೆಗೂ ಬಂದರು. "ಮೀಟರ್‌ಗೆ ಹಾಕೋ ಸ್ಟ್ರಿಪ್ ಮುಗೀತಾ ಬಂತು, ಬರೋವಾಗ ಒಂದು ಡಬ್ಬಿ ತಗೊಂಡ್ಬಾ. ಸೆಟ್ ದೋಸೆ ಎಷ್ಟು ಏರಿಸುತ್ತೆ ನೋಡ್ಬೇಕು" ಅಂದರು. ಒಂದು ಸ್ಟ್ರಿಪ್‌ಗೆ ಹದಿನೈದು ಇಪ್ಪತ್ತು ರೂಪಾಯಿ ಬೀಳುತ್ತೆ. ಬೀಳಲಿ. ಶುಕ್ರವಾರ ಗಾಂಧಿ ಬಜಾರ್‌ನಲ್ಲಿ ತಗೊಂಡು ಕೊಟ್ಟು ಬರುತ್ತೇನೆ.