ನಾಲ್ಕನೇ ವಿಮಾನ

ನಮ್ಮ ಕಂಪನಿಗೆ ನಾಲ್ಕನೇ ವಿಮಾನ ಬಂದ ದಿನ ಚೆಕ್-ಇನ್ ಕೌಂಟರಿಗೆ ಮಾವಿನ ತೋರಣ ಕಟ್ಟಿದ್ದೆವು. ಸಣ್ಣ ಊರಿನ ವಿಮಾನ ನಿಲ್ದಾಣ ಅದು. ಅಲ್ಲಿ ನಾನು ಆರು ವರ್ಷ ಗ್ರೌಂಡ್ ಸ್ಟಾಫ್ ಆಗಿದ್ದೆ. ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಕೊಡುವವಳೂ ನಾನೇ, ಗೇಟಿನಲ್ಲಿ ಅದನ್ನು ಹರಿಯುವವಳೂ ನಾನೇ, ವಿಮಾನ ರದ್ದಾದರೆ ಕ್ಷಮೆ ಕೇಳುವವಳೂ ನಾನೇ.

ಈ ಕೆಲಸದ ಆಸೆ ಹುಟ್ಟಿದ್ದು ಅಪ್ಪನಿಂದ. ಅವರು ಮೊದಲ ಸಲ ವಿಮಾನ ಹತ್ತಿದ್ದು ಏರ್ ಡೆಕ್ಕನ್‌ನಲ್ಲಿ. ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಶುರು ಮಾಡಿದ ಕಂಪನಿ. 48 ಸೀಟಿನ, ಎಟಿಆರ್ ಅನ್ನುವ ಸಣ್ಣ ಪ್ರೊಪೆಲರ್ ವಿಮಾನ, ಗುರುತಿಗೆ ಆರ್.ಕೆ. ಲಕ್ಷ್ಮಣ್ ಅವರ ‘ಕಾಮನ್ ಮ್ಯಾನ್’. ಊಟ ಇಲ್ಲ, ನೀರು ಬೇಕಾದರೂ ಕೊಂಡುಕೊಳ್ಳಬೇಕು. ಪೆಟ್ರೋಲ್ ಬಂಕಿನಲ್ಲೂ ಟಿಕೆಟ್ ಸಿಗುತ್ತಿತ್ತು. ಅಪ್ಪ ಆ ಬೋರ್ಡಿಂಗ್ ಪಾಸಿನ ಚೂರನ್ನು ಬೀರುವಿನಲ್ಲಿ ಇಟ್ಟುಕೊಂಡಿದ್ದರು. ಪಂಚೆ ಉಟ್ಟವರು, ಕೈಚೀಲ ಹಿಡಿದವರು ಎಲ್ಲರೂ ಆ ವಿಮಾನದಲ್ಲಿದ್ದರಂತೆ. ಅದನ್ನು ಹೇಳುವಾಗ ಅಪ್ಪನ ಮುಖ ನೋಡಬೇಕಿತ್ತು.

ಕಡಿಮೆ ದರ ಅಂದರೆ ಊಟ ಉಳಿಸುವುದು ಅಂತ ಜನ ತಿಳಿದಿದ್ದಾರೆ. ಊಟದಲ್ಲಿ ಉಳಿಯುವುದು ಸ್ವಲ್ಪ. ನಿಜವಾದ ಉಳಿತಾಯ ಇರುವುದು ಸಮಯದಲ್ಲಿ. ನೆಲದ ಮೇಲೆ ನಿಂತ ವಿಮಾನ ಒಂದು ಪೈಸೆ ದುಡಿಯುವುದಿಲ್ಲ, ಅದರ ಬಾಡಿಗೆ ಮಾತ್ರ ಓಡುತ್ತಲೇ ಇರುತ್ತದೆ. ಅದಕ್ಕೇ ಇಳಿದ ವಿಮಾನವನ್ನು ಮತ್ತೆ ಹೊರಡಿಸಲು ನಮಗೆ ಕೊಡುತ್ತಿದ್ದುದು 25 ನಿಮಿಷ. ಎಟಿಆರ್ ಇದಕ್ಕೆ ಹೇಳಿ ಮಾಡಿಸಿದ ವಿಮಾನ. ಜನ ಹಿಂದಿನ ಬಾಗಿಲಿಂದ ಹತ್ತುತ್ತಾರೆ. ಆ ಬಾಗಿಲಿಗೇ ಮೆಟ್ಟಿಲು ಇರುವುದರಿಂದ ಬೇರೆ ಏಣಿ ಕಾಯಬೇಕಿಲ್ಲ. ಲಗೇಜು ಮುಂದೆ, ಪೈಲಟ್‌ಗಳ ಬೆನ್ನ ಹಿಂದಿನ ಜಾಗಕ್ಕೆ ಹೋಗುತ್ತದೆ. ಎಲ್ಲರೂ ಒಟ್ಟಿಗೆ ಹಿಂದೆ ನಿಂತರೆ ಮೂಗು ಮೇಲೇಳುವ ಅಪಾಯ ಇರುತ್ತದೆ. ಅದಕ್ಕೇ ಬಾಲದ ಕೆಳಗೆ ಒಂದು ಊರುಗೋಲು ಕೊಡುತ್ತೇವೆ. ಹೊರಡುವ ಮೊದಲು ಅದನ್ನು ತೆಗೆದು ಎತ್ತಿ ತೋರಿಸಬೇಕು. ಆ ಕೋಲು ತೋರಿಸಿದಾಗ ಕಿಟಕಿಯಿಂದ ಪೈಲಟ್ ಹೆಬ್ಬೆರಳು ಎತ್ತುತ್ತಿದ್ದರು. ನನಗೆ ದಿನದಲ್ಲಿ ತುಂಬಾ ಇಷ್ಟದ ಕ್ಷಣ ಅದು.

ಸಣ್ಣ ಊರಿಗೆ ಇಷ್ಟು ಸಣ್ಣ ವಿಮಾನವೇ ಯಾಕೆ ಅಂತ ನಾನೂ ಮೊದಲು ಕೇಳಿದ್ದೆ. 80ಕ್ಕಿಂತ ಕಡಿಮೆ ಸೀಟಿನ ವಿಮಾನಕ್ಕೆ ಲ್ಯಾಂಡಿಂಗ್ ಶುಲ್ಕ ಬೇಡ ಅಂತ ಸರ್ಕಾರ ಬಿಟ್ಟುಕೊಟ್ಟಿದೆ. ಇಂಧನದ ತೆರಿಗೆಯೂ ಸಣ್ಣ ವಿಮಾನಕ್ಕೆ ಕಡಿಮೆ. ಸೀಟು ಕಡಿಮೆಯಾದರೂ ಲಾಭವೇ.

ಇಷ್ಟೆಲ್ಲ ಲೆಕ್ಕ ಹಾಕಿ ಉಳಿಸಿದ್ದು ಎಲ್ಲಿ ಕರಗುತ್ತದೆ ಗೊತ್ತಾ? ಒಂದು ತಡದಲ್ಲಿ. ಒಂದೇ ವಿಮಾನ ದಿನಕ್ಕೆ ಎಂಟು ಸಲ ಹಾರುತ್ತದೆ. ಚಳಿಗಾಲದ ಬೆಳಿಗ್ಗೆ ಬೆಂಗಳೂರಿನಲ್ಲಿ ಮಂಜು ಕವಿದು ಮೊದಲ ವಿಮಾನ ಒಂದು ಗಂಟೆ ನಿಂತಿತು ಅನ್ನಿ. ಮಧ್ಯಾಹ್ನದವರೂ ಕಾಯುತ್ತಾರೆ, ಸಂಜೆಯವರೂ ಕಾಯುತ್ತಾರೆ. ಸಣ್ಣ ನಿಲ್ದಾಣಗಳು ರಾತ್ರಿಯೆಲ್ಲ ತೆರೆದಿರುವುದಿಲ್ಲ. ಪೈಲಟ್‌ಗಳ ಡ್ಯೂಟಿ ಸಮಯಕ್ಕೂ ಮಿತಿ ಇದೆ. ಹಾಗಾಗಿ ಕೊನೆಯ ವಿಮಾನ ತಡವಾಗುವುದಲ್ಲ, ರದ್ದೇ ಆಗುತ್ತದೆ. ಆ ಕೊನೆಯ ವಿಮಾನ ಹೆಚ್ಚಾಗಿ ನಮ್ಮೂರಿನದೇ ಆಗಿರುತ್ತಿತ್ತು.

ನಾಲ್ಕನೇ ವಿಮಾನ ಬಂದಾಗ ನಾವೆಲ್ಲ ಅಂದುಕೊಂಡಿದ್ದು, ಇನ್ನು ಒಂದನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳುತ್ತಾರೆ ಅಂತ. ಆದರೆ ಆಫೀಸಿನವರು ಅದೇ ವಿಮಾನದಲ್ಲಿ ಇನ್ನೆರಡು ಊರಿಗೆ ಸೇವೆ ಶುರು ಮಾಡಿದರು. ನಾಲ್ಕು ವಿಮಾನದ ಕಂಪನಿಯಲ್ಲಿ ಒಂದು ಕೆಟ್ಟರೆ ಕಾಲು ಭಾಗ ಕಂಪನಿ ನಿಂತ ಹಾಗೆ. ಆ ಮಳೆಗಾಲದಲ್ಲಿ ಒಂದು ಬಿಡಿಭಾಗಕ್ಕೆ ಕಾದು ಒಂದು ವಿಮಾನ ಹನ್ನೊಂದು ದಿನ ನಿಂತಿತು.

ಆ ದಿನಗಳಲ್ಲೇ ಒಬ್ಬ ಅಜ್ಜ ಬಂದಿದ್ದರು. ಮರುದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರನ್ನು ಕಾಣಬೇಕಿತ್ತು. ವಿಮಾನ ರದ್ದಾಯಿತು ಅಂದೆ. ಅವರು ಬೈಯಲಿಲ್ಲ. ಎಕ್ಸ್‌ರೇ ಕವರನ್ನು ಎದೆಗೆ ಒತ್ತಿಕೊಂಡು, “ನಾಳೆ ಬರ್ತದೇನಮ್ಮಾ?” ಅಂತ ಕೇಳಿದರು. ನನಗೇ ಗೊತ್ತಿರಲಿಲ್ಲ. ಟಿಕೆಟ್ ಹಣ ವಾಪಸ್ ಬರುತ್ತದೆ ಅಂದೆ. “ಹಣ ಅಲ್ಲಮ್ಮ” ಅಂದು ಬಸ್ ಸ್ಟ್ಯಾಂಡಿಗೆ ಹೋದರು.

ಬೇಗ ಬೆಳೆಯುವ ಆಸೆ ತಪ್ಪಲ್ಲ. ಏರ್ ಡೆಕ್ಕನ್ ನಾಲ್ಕೇ ವರ್ಷದಲ್ಲಿ 60ಕ್ಕೂ ಹೆಚ್ಚು ಊರು ಮುಟ್ಟಿತು, ಯಾರೂ ಮಾಡದಿದ್ದುದನ್ನು ಮಾಡಿತು. ಆದರೆ ನಷ್ಟ ತಡೆಯಲಾಗದೆ 2007ರಲ್ಲಿ ಅದರ 26% ಪಾಲು 550 ಕೋಟಿಗೆ ಕಿಂಗ್‌ಫಿಷರ್‌ನವರ ಕೈಸೇರಿತು. ಸಣ್ಣ ಊರುಗಳಿಗೆ ವಿಮಾನ ತರುವ ಸರ್ಕಾರದ ಉಡಾನ್ ಯೋಜನೆಯಲ್ಲೂ ನೋಡಿ. ಸರ್ಕಾರ ಮೂರು ವರ್ಷ ನಷ್ಟ ತುಂಬಿಕೊಡುತ್ತಿತ್ತು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2023ರ ವರದಿ ಪ್ರಕಾರ ಮೊದಲ ಮೂರು ಹಂತಗಳಲ್ಲಿ ಕೊಟ್ಟ 774 ಮಾರ್ಗಗಳಲ್ಲಿ ಶುರುವಾದದ್ದು 371. ಮೂರು ವರ್ಷ ಪೂರೈಸಿದ್ದು 112. ಆಮೇಲೂ ಉಳಿದದ್ದು 54. ಈ ಅಂಕಿ ಓದಿದಾಗ ನನಗೆ ಎಕ್ಸ್‌ರೇ ಕವರ್ ನೆನಪಾಯಿತು. ಸಹಾಯಧನ ಸೀಟಿನ ಬೆಲೆ ಇಳಿಸಬಹುದು, ಆದರೆ ನಾಳೆ ವಿಮಾನ ಬರುತ್ತದೆ ಅನ್ನುವ ಧೈರ್ಯ ಕೊಡುವುದಿಲ್ಲ ಅಲ್ವಾ? ವಾರಕ್ಕೆ ಮೂರು ದಿನ, ಅದರಲ್ಲೂ ಒಂದು ದಿನ ರದ್ದು ಅಂದರೆ ಯಾರು ನೆಚ್ಚಿಕೊಳ್ಳುತ್ತಾರೆ? ಬೆಳಿಗ್ಗೆ ಹೋಗಿ ಸಂಜೆ ಮರಳುವಂತಿದ್ದರೆ ವ್ಯಾಪಾರದವರು, ಡಾಕ್ಟರುಗಳು ತಾವಾಗಿಯೇ ಬರುತ್ತಾರೆ.

ಮುಂದಿನ ಬೇಸಿಗೆಗೆ ನಮ್ಮ ಕಂಪನಿ ಹೊಸ ಊರುಗಳಲ್ಲಿ ಒಂದನ್ನು ಬಿಟ್ಟಿತು. ಬೆಳಗಿನ ಹೊತ್ತು ಒಂದು ವಿಮಾನವನ್ನು ಬೆಂಗಳೂರಿನಲ್ಲಿ ಸಿದ್ಧವಾಗಿ ನಿಲ್ಲಿಸತೊಡಗಿತು. ಆಫೀಸಿನಲ್ಲಿ ಅದನ್ನು ದಂಡ ಅಂದವರೂ ಇದ್ದರು. ನಮ್ಮ ಕೌಂಟರಿನ ಫೋನ್ ದಿನಾ ಐದೂವರೆಗೆ ಬಡಿದುಕೊಳ್ಳುತ್ತಿತ್ತು, “ಇವತ್ತು ಬರ್ತದಾ?” ಅಂತ. ಮಳೆ ಶುರುವಾಗುವ ಹೊತ್ತಿಗೆ ಆ ಫೋನ್‌ಗಳು ಕಡಿಮೆಯಾಗಿದ್ದವು. ಜನ ಕೇಳದೆಯೇ ಬರುತ್ತಿದ್ದರು.